ಗಿರಾಕಿ ನಿಮ್ಮ ಅಂಗಡಿಗೇ ಯಾಕೆ ಬರಬೇಕು? ಕಲಬುರಗಿ ಕಡೆಯ ವ್ಯಾಪಾರಸ್ಥರಿಗೊಂದು ಮಾರ್ಗದರ್ಶಿ

ಕಲಬುರಗಿಯ ಕಪಡಾ ಬಜಾರಿನಲ್ಲಿ ಸಾಲಾಗಿ ಸೀರೆ ಅಂಗಡಿಗಳಿವೆ. ಮಾಲು ಬರುವುದು ಹೆಚ್ಚೂಕಮ್ಮಿ ಅದೇ ಸೂರತ್‌ನಿಂದ, ಅದೇ ಇಳಕಲ್‌ನಿಂದ. ದರದಲ್ಲಿ ಐವತ್ತು, ನೂರು ರೂಪಾಯಿ ಫರಕು ಇದ್ದರೆ ಹೆಚ್ಚು. ಆದರೂ ಜೇವರ್ಗಿಯಿಂದ ಬಸ್ಸಿಗೆ ಬಂದಿಳಿದ ಮನೆಮಂದಿ ನಾಲ್ಕು ಅಂಗಡಿ ದಾಟಿಕೊಂಡು ಐದನೆಯದಕ್ಕೇ ಹೋಗಿ ಕೂರುತ್ತಾರೆ. ಯಾಕೆ ಅಂತ ಕೇಳಿದರೆ, ‘ಅಲ್ಲಿ ಛಲೋ ಮಾತಾಡಸ್ತಾರ್ರಿ’ ಅನ್ನುತ್ತಾರೆ. ಸೀರೆ ಛಲೋ ಇದೆ ಅನ್ನುವುದು ಆಮೇಲಿನ ಮಾತು.

ಛಲೋ ಮಾತಾಡಿಸುವುದು ಹುಟ್ಟುಗುಣ, ಕೆಲವರಿಗೆ ಬರುತ್ತೆ ಕೆಲವರಿಗೆ ಬರಲ್ಲ ಅಂತ ಬಹಳ ಅಂಗಡಿಯವರು ಕೈಬಿಟ್ಟಿರುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಇದರಲ್ಲಿ ಮುಕ್ಕಾಲು ಪಾಲು ಬರೀ ರೂಢಿ. ಕಿರಾಣಿ, ಬಟ್ಟೆ, ಬೀಜ-ಗೊಬ್ಬರ, ಮೊಬೈಲ್ ರಿಪೇರಿ, ರೊಟ್ಟಿ ಕೇಂದ್ರ, ಯಾವುದೇ ಇರಲಿ, ಗಲ್ಲಾ ಮುಂದೆ ಕೂರುವವರು ನಾಳೆ ಬೆಳಿಗ್ಗೆಯೇ ಶುರು ಮಾಡಬಹುದಾದ್ದನ್ನು ಇಲ್ಲಿ ಬರೆಯುತ್ತೇನೆ.

ಶುರು ಮಾಡುವ ಮೊದಲು: ಭಿಡೆ ಬೇರೆ, ನಂಬಿಕೆ ಬೇರೆ

ಇದು ತಿಳಿಯದಿದ್ದರೆ ಮುಂದಿನದೆಲ್ಲ ತಿರುಗುಬಾಣ ಆಗುತ್ತದೆ. ಅದಕ್ಕೇ ಮೊದಲಿಗೆ ಇಟ್ಟಿದ್ದೇನೆ.

ಡೆನಿಸ್ ರೀಗನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1971ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಇಬ್ಬರು ಕೂತು ಚಿತ್ರಗಳಿಗೆ ಮಾರ್ಕು ಹಾಕುತ್ತಿರುತ್ತಾರೆ. ಅವರಲ್ಲೊಬ್ಬ ರೀಗನ್ ಕಡೆಯವನೇ, ಇನ್ನೊಬ್ಬನಿಗೆ ಅದು ಗೊತ್ತಿಲ್ಲ. ನಡುವೆ ಎದ್ದು ಹೋದ ರೀಗನ್ ಕಡೆಯವನು ವಾಪಸ್ ಬರುವಾಗ, ಯಾರೂ ಕೇಳದಿದ್ದರೂ, ಎರಡು ಕೋಕಾ-ಕೋಲಾ ತಂದು ಒಂದನ್ನು ಪಕ್ಕದವನ ಕೈಗಿಡುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ, ‘ಲಾಟರಿ ಟಿಕೆಟ್ ಮಾರ್ತಿದ್ದೀನಿ, ಕೊಳ್ತೀಯಾ?’ ಅಂತ ಕೇಳುತ್ತಾನೆ. ಕೋಲಾ ಕುಡಿದವರು ಕುಡಿಯದವರಿಗಿಂತ ಸುಮಾರು ಎರಡರಷ್ಟು ಟಿಕೆಟ್ ಕೊಂಡರು. ಸ್ವಾರಸ್ಯ ಇರುವುದು ಇದರ ಮುಂದೆ. ಕೋಲಾ ಕುಡಿದವರಲ್ಲಿ, ಆ ಮನುಷ್ಯನನ್ನು ಕಂಡರೆ ಆಗದವರೂ ಇಷ್ಟಪಟ್ಟವರಷ್ಟೇ ಟಿಕೆಟ್ ಕೊಂಡಿದ್ದರು. ಅವರನ್ನು ಕೊಳ್ಳುವಂತೆ ಮಾಡಿದ್ದು ಬರೀ ಭಿಡೆ.

ನಮ್ಮ ಬಜಾರಿನಲ್ಲೂ ಇದು ದಿನಾ ನಡೆಯುತ್ತೆ. ಚಾ ತರಿಸಿ, ಇಪ್ಪತ್ತು ಸೀರೆ ಬಿಚ್ಚಿ ಹರವಿ, ‘ಇಷ್ಟೊಂದು ತೆಗೆಸಿದ್ರಿ, ಈಗ ಹಂಗೇ ಹೋಗ್ತೀರೇನ್ರಿ?’ ಅಂದರೆ ಗಿರಾಕಿ ಒಂದು ಸೀರೆ ತಗೊಂಡೇ ಹೋಗುತ್ತಾಳೆ. ಮುಂದಿನ ಸಲ ಅದೇ ಓಣಿಗೆ ಬಂದರೂ ನಿಮ್ಮ ಅಂಗಡಿ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಭಿಡೆಗೆ ಬಿದ್ದು ಕೊಂಡವರು ಮನೆಗೆ ಹೋದ ಮೇಲೆ ಆ ಸೀರೆ ಕಂಡಾಗಲೆಲ್ಲ ನಿಮ್ಮನ್ನೇ ಬೈದುಕೊಳ್ಳುತ್ತಾರೆ. ಹಾಗಾಗಿ ಮುಂದೆ ಹೇಳುವ ಯಾವ ಹೆಜ್ಜೆಗೂ ‘ಈಗ ನೀವು ಕೊಳ್ಳಲೇಬೇಕು’ ಅನ್ನುವ ಬಾಲ ಕಟ್ಟಬೇಡಿ.

ಬಂದವರನ್ನು ಕೂಡಿಸಿ, ನೀರು ಕೊಡಿ

ಕಲಬುರಗಿ, ಯಾದಗಿರಿಯ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆ ಬಿಸಿಲಿನಲ್ಲಿ ಬಂದವರಿಗೆ ಮೊದಲು ಬೇಕಾದದ್ದು ಫ್ಯಾನಿನ ಕೆಳಗೆ ಒಂದು ಕುರ್ಚಿ, ಒಂದು ಚೊಂಬು ತಣ್ಣೀರು. ‘ಬರ್ರಿ, ಕೂಡ್ರಿ, ನೀರು ಕುಡೀರಿ’ ಅನ್ನುವ ಮೂರು ಮಾತಿಗೆ ಖರ್ಚಿಲ್ಲ. ‘ಏನ್ ಬೇಕ್ರಿ?’ ಅನ್ನುವುದನ್ನು ಅವರು ಬೆವರು ಒರೆಸಿಕೊಂಡ ಮೇಲೆ ಕೇಳಿದರಾಯಿತು.

ಮಾರಾಟದ ತರಬೇತಿ ಕೊಡುವವರು ಇಲ್ಲೊಂದು ಅಧ್ಯಯನದ ಹೆಸರು ಹೇಳುತ್ತಾರೆ. ಕೈಯಲ್ಲಿ ಬಿಸಿ ಕಾಫಿ ಕಪ್ ಹಿಡಿದವರಿಗೆ ಎದುರಿಗಿನವರು ಒಳ್ಳೆಯವರಾಗಿ ಕಾಣುತ್ತಾರೆ ಅಂತ 2008ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನ. ಆಮೇಲೆ ಬೇರೆಯವರು ಇನ್ನೂ ಜಾಸ್ತಿ ಜನರ ಮೇಲೆ ಅದನ್ನೇ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಅದನ್ನು ನಂಬಿಕೊಂಡು ಮೇ ತಿಂಗಳ ಮಧ್ಯಾಹ್ನ ಯಾರಿಗೂ ಕುದಿಯುವ ಚಾ ಹಿಡಿಸಬೇಡಿ.

‘ಬಜೆಟ್ ಎಷ್ಟು’ ಅನ್ನುವ ಮೊದಲು ‘ಯಾರಿಗೆ’ ಅಂತ ಕೇಳಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಸ್ವಲ್ಪ ನಿಧಾನವಾಗಿ ನೋಡೋಣ.

ಮದುವೆ ಜವಳಿಗೆ ಒಂದು ಮನೆಯವರು ಬಂದಿದ್ದಾರೆ ಅಂತ ಇಟ್ಟುಕೊಳ್ಳಿ. ಅಜ್ಜಿ, ತಾಯಿ, ಮದುಮಗಳು, ಅತ್ತೆಮನೆ ಕಡೆಯ ಒಬ್ಬ ಹೆಂಗಸು, ಚೀಲ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತ ತಂದೆ. ಹೊಸಬ ಸೇಲ್ಸ್‌ಮನ್ ತಂದೆಯ ಕಡೆ ತಿರುಗಿ ‘ಎಷ್ಟರೊಳಗ ತೋರಸ್ಲಿ ಸರ?’ ಅನ್ನುತ್ತಾನೆ. ಅಲ್ಲಿಗೆ ವ್ಯಾಪಾರ ದರದ ಮೇಲೆ ನಿಂತಿತು. ಇನ್ನು ಕಡೆತನಕ ಚೌಕಾಸಿಯೇ.

ಪಳಗಿದವನು ಅಜ್ಜಿಯಿಂದ ಶುರು ಮಾಡುತ್ತಾನೆ. ‘ಯವ್ವಾ, ಗಾದಿ ಮ್ಯಾಲ ಆರಾಮ ಕೂಡ್ರಿ. ಮದುವಿ ಯಾರದ್ರಿ? ಮೊಮ್ಮಗಳದೇನು? ಯಾವ ಊರಿಗಿ ಕೊಟ್ರಿ?’ ಅಜ್ಜಿ ಹೇಳುತ್ತಾಳೆ: ಸೇಡಂ ಕಡೆ ಕೊಟ್ಟೀವಿ, ಹುಡುಗ ಸಾಲಿ ಮಾಸ್ತರ, ಅಕ್ಕಿಕಾಳಿಗೆ ಹಸಿರು ಸೀರೆ ನಮ್ಮ ಮನಿ ಪದ್ಧತಿ. ಎರಡು ನಿಮಿಷದ ಮಾತಿನಲ್ಲಿ ಅವನಿಗೆ ಬೇಕಾದ್ದೆಲ್ಲ ಸಿಕ್ಕಿತು. ಹಸಿರು ಬೇಕು. ಬೀಗರ ಕಡೆಯವರು ಪಕ್ಕದಲ್ಲೇ ಇದ್ದಾರೆ, ಅವರೆದುರು ಅಗ್ಗದ್ದು ತೋರಿಸಿ ಇವರ ಮಾನ ಕಳೆಯಬಾರದು. ಮದುಮಗಳು ಇನ್ನೂ ಬಾಯಿ ಬಿಟ್ಟಿಲ್ಲ, ಅವಳ ಕಣ್ಣು ಮಾತ್ರ ಮೇಲಿನ ಅರೆಯಲ್ಲಿದ್ದ ತಿಳಿ ಗುಲಾಬಿಯ ಮೇಲಿದೆ. ಅವನು ಹಸಿರಿನ ನಾಲ್ಕೇ ಸೀರೆ ಬಿಚ್ಚುತ್ತಾನೆ. ಐದನೆಯದಾಗಿ ಸದ್ದಿಲ್ಲದೆ ಆ ಗುಲಾಬಿಯದನ್ನು ಇಳಿಸಿ ಹುಡುಗಿಯ ಮುಂದೆ ಇಡುತ್ತಾನೆ. ‘ತಂಗಿ, ಇದು ಆರತಕ್ಷತೆಗೆ ನೋಡವ್ವಾ, ಬ್ಯಾಡಂದ್ರ ಬಿಡು.’

ಬಜೆಟ್ ಮಾತು ಆಮೇಲೆ ಬರುತ್ತೆ, ಬರಲೇಬೇಕು. ಅದನ್ನೂ ಎಲ್ಲರ ಮುಂದೆ ಕೂಗಿ ಕೇಳದೆ, ತಂದೆಯನ್ನು ಗಲ್ಲಾ ಹತ್ತಿರ ಕರೆದು ಮೆಲ್ಲಗೆ ಕೇಳಿದರೆ ಆ ಮನುಷ್ಯ ನಿಮ್ಮನ್ನು ಜನ್ಮದಲ್ಲಿ ಮರೆಯುವುದಿಲ್ಲ. ಹೆಣ್ಣು ಹೆತ್ತವನಿಗೆ ಬೀಗರೆದುರು ‘ಅಷ್ಟು ಆಗೂದಿಲ್ರಿ’ ಅನ್ನುವ ಕಷ್ಟ ತಪ್ಪಿಸಿದಿರಲ್ಲ, ಅದಕ್ಕಿಂತ ದೊಡ್ಡ ಡಿಸ್ಕೌಂಟ್ ಇಲ್ಲ.

ಮೊಬೈಲ್ ಅಂಗಡಿಯವರೂ ಇದನ್ನೇ ಮಾಡಬಹುದು. ‘ಯಾರಿಗ್ರಿ ಫೋನು?’ ಅಂದಾಗ ‘ನಮ್ಮ ಅವ್ವಗ’ ಅಂದರೆ, ದೊಡ್ಡ ಅಕ್ಷರ, ಜೋರು ಸ್ಪೀಕರ್ ಇರುವುದನ್ನು ತೋರಿಸಿ. ಕ್ಯಾಮೆರಾ ಪುರಾಣ ಬೇಡ.

ಕರೆಯುವ ರೀತಿ

ನಮ್ಮ ಭಾಗದಲ್ಲಿ ಒಂದು ಅಂಗಡಿಗೆ ಒಂದೇ ದಿನ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತಾಡುವವರು ಬರುತ್ತಾರೆ. ಬೀದರ್‌ನಲ್ಲಂತೂ ಒಂದೇ ಬೆಂಚಿನ ಮೇಲೆ ಇಷ್ಟೂ ಭಾಷೆ ಕೂತಿರುತ್ತವೆ. ಎಲ್ಲ ಭಾಷೆ ಕಲಿಯಬೇಕಾಗಿಲ್ಲ. ಬರಮಾಡಿಕೊಳ್ಳುವ ಒಂದು ಮಾತು, ಕಳಿಸಿಕೊಡುವ ಒಂದು ಮಾತು ಪ್ರತಿ ಭಾಷೆಯಲ್ಲೂ ಇಟ್ಟುಕೊಳ್ಳಿ. ತಾಂಡಾದಿಂದ ಬಂದ ಹಿರಿಯರಿಗೆ ‘ರಾಮ್ ರಾಮ್’, ಸಾಬರಿಗೆ ‘ಸಲಾಂ’, ಶರಣರ ಮನೆಯವರಿಗೆ ‘ಶರಣ್ರಿ’. ಹೆಂಗಸರಿಗೆ ಅಕ್ಕ, ಅವ್ವ, ಆಪಾ, ಭಾಭಿ. ಹುಷಾರಾಗಿರಬೇಕಾದದ್ದು ‘ಆಂಟಿ’ ಬಗ್ಗೆ. ಮೂವತ್ತರ ಹೆಣ್ಣುಮಗಳನ್ನು ಆಂಟಿ ಅಂದ ಅಂಗಡಿಗೆ ಅವಳು ಮತ್ತೆ ಬಂದದ್ದನ್ನು ನಾನಂತೂ ನೋಡಿಲ್ಲ! ಸಂಬಂಧ ಹಚ್ಚಿ ಕರೆದರೂ ಅಂತರ ಇರಲಿ. ಅಕ್ಕ ಅಂದಮೇಲೆ ಅಕ್ಕನ ಮುಂದೆ ನಿಲ್ಲುವ ಹಾಗೇ ನಿಲ್ಲಬೇಕು, ಅಲ್ವಾ?

ಹೆಸರು, ಊರು ಬರೆದಿಡಿ

ಇನ್ನೊಂದು ಅಮೆರಿಕದ ಅಧ್ಯಯನ, 1995ರದ್ದು. ಮೇಷ್ಟ್ರೊಬ್ಬರು ಕ್ಲಾಸಿನಲ್ಲಿ ಹುಡುಗರ ಪರಿಚಯ ಮಾಡಿಕೊಂಡು, ಆಮೇಲೆ ಒಬ್ಬೊಬ್ಬರನ್ನೇ ಕರೆದು ಬಿಸ್ಕೀಟು ಕೊಳ್ಳುತ್ತೀರಾ ಅಂತ ಕೇಳಿದರು. ಯಾರ ಹೆಸರನ್ನು ನೆನಪಿಟ್ಟು ಕರೆದರೋ ಅವರೇ ಜಾಸ್ತಿ ಕೊಂಡರು. ಹೆಸರು ನೆನಪಿಟ್ಟದ್ದನ್ನೇ ಅವರು ಒಂದು ಮೆಚ್ಚುಗೆ ಅಂತ ತಗೊಂಡಿದ್ದರು.

ನೂರಾರು ಜನರ ಹೆಸರು ಯಾರಿಗೂ ನೆನಪಿರಲ್ಲ. ಅದಕ್ಕೆ ಒಂದು ನೋಟ್‌ಬುಕ್ ಬೇಕು. ಗಲ್ಲಾದೊಳಗೇ ಇಡಿ. ಗಿರಾಕಿ ಹೋದ ಮೇಲೆ ಒಂದು ಸಾಲು ಬರೆಯಿರಿ: ಹೆಸರು, ಊರು, ಏನು ತಗೊಂಡರು, ಯಾಕೆ ತಗೊಂಡರು. ‘ಆಳಂದ, ಮಗಳ ಸೀಮಂತ, ಹಸಿರು ಕುಪ್ಪಸ’ ಅಂದರೆ ಸಾಕು. ಮುಂದಿನ ಸಲ ‘ಮಗಳಿಗಿ ಏನ್ ಹುಟ್ತಕ್ಕಾ?’ ಅಂತ ನೀವು ಕೇಳಿದಾಗ ಆ ಮುಖ ಅರಳುವುದನ್ನು ನೋಡಿ. ಒಂದು ಎಚ್ಚರ: ಅವರು ತಾವಾಗಿ ಹೇಳಿದ್ದನ್ನು ಮಾತ್ರ ಕೇಳಿ. ಬೇರೆಯವರಿಂದ ಕೇಳಿದ ಮನೆ ಜಗಳ, ಕಾಯಿಲೆ, ಸಾಲ ಬಾಯಿಗೆ ಬರಬಾರದು. ಜಾತಿ ಅಂತೂ ಕೇಳಲೇಬೇಡಿ, ಸುತ್ತಿ ಬಳಸಿಯೂ ಕೇಳಬೇಡಿ.

ಮಾಲನ್ನು ಕೈಗೆ ಕೊಡಿ, ಅದರ ಕಥೆ ಹೇಳಿ

ಬೀದರ್‌ನ ಚೌಬಾರಾ ಕಡೆಯ ಬಿದರಿ ಕೆಲಸದವರು ಇದನ್ನು ಚೆನ್ನಾಗಿ ಬಲ್ಲರು. ಮಹಮದ್ ಗವಾನ್ ಮದರಸಾ ನೋಡಿಕೊಂಡು ಬಂದ ಬೆಂಗಳೂರಿನ ಜೋಡಿಯೊಂದು ಸಣ್ಣ ಡಬ್ಬಿಯ ದರ ಕೇಳಿ ಹೌಹಾರುತ್ತದೆ. ಅಲ್ಲಿ ದರದ ವಾದಕ್ಕಿಳಿದರೆ ಸೋಲು ಖಂಡಿತ. ಕುಶಲಕರ್ಮಿ ಒಂದು ಅರ್ಧ ಆದ ಡಬ್ಬಿ ತೆಗೆದು ಆ ಹುಡುಗಿಯ ಅಂಗೈಯಲ್ಲಿ ಇಡುತ್ತಾನೆ. ಸತುವೇ ಜಾಸ್ತಿ, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದದ್ದು, ನೋಡಲು ಬೂದು ಬಣ್ಣ, ಕೈಗೆ ಭಾರ. ಬೆರಳಾಡಿಸಿದರೆ ಉಳಿಯಿಂದ ಕೆತ್ತಿದ ಬಳ್ಳಿಯ ಗೀರು ಸಿಗುತ್ತದೆ. ಆ ಗೀರಿನೊಳಗೆ ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಎಂಬ ಉಪ್ಪು ಬೆರೆಸಿ, ಡಬ್ಬಿಯನ್ನು ಬಿಸಿ ಮಾಡಿ ಆ ಮಣ್ಣು ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆಗುತ್ತೆ ಅಂತ ಹಳಬರು ನಾಲಗೆಗೆ ಹಚ್ಚಿ ನೋಡಿ ಹೇಳುತ್ತಾರೆ. ಇಷ್ಟು ಕೇಳಿದ ಮೇಲೆ ಆ ಹುಡುಗಿಗೆ ಅದು ಬರೀ ಡಬ್ಬಿಯಾಗಿ ಉಳಿಯುವುದಿಲ್ಲ. ಚೌಕಾಸಿ ನಿಲ್ಲುತ್ತೆ ಅಂತ ಹೇಳುವುದಿಲ್ಲ, ಆದರೆ ಅದರ ದನಿ ಮೆತ್ತಗಾಗುತ್ತೆ.

ಕಥೆ ನಿಜವಿರಬೇಕು. ಬಿದರಿಗೆ 2006ರಿಂದ ಭೌಗೋಳಿಕ ಗುರುತು (ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು) ಇದೆ, ಅದನ್ನು ಹೇಳಿ. ‘ನೂರು ವರ್ಷದ ಹಳೇ ಪೀಸು’ ಅಂತ ಹೋದ ವಾರ ಮಾಡಿದ್ದನ್ನು ತೋರಿಸಬೇಡಿ. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನೂ ಸೇರಿಸಿ: ಹುಣಸೆಹಣ್ಣು ಹಾಕಿ ತಿಕ್ಕಬಾರದು, ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಕಪ್ಪು ಚೆನ್ನಾಗಿರುತ್ತೆ.

ಬೇಳೆ ಮಾರುವವರಿಗೂ ಕಥೆ ಕಡಿಮೆಯಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹೊರಗಿನಿಂದ ಬಂದವರ ಅಂಗೈಗೆ ಒಂದು ಹಿಡಿ ಬೇಳೆ ಹಾಕಿ, ಯಾವ ಊರಿನ ಎರಿ (ಕಪ್ಪು ಮಣ್ಣಿನ) ಹೊಲದ್ದು, ಯಾವ ಮಿಲ್ಲಿನಲ್ಲಿ ಒಡೆಸಿದ್ದು ಅಂತ ಹೇಳಿ. ಪ್ಯಾಕೆಟ್ ಬೇಳೆಗೆ ಅದನ್ನು ಹೇಳಲು ಬಾಯಿಲ್ಲ.

‘ಬ್ಯಾಡ್ರಿ’ ಅನ್ನುವುದನ್ನು ಕಲಿಯಿರಿ

ಮಿರಗದ (ಮೃಗಶಿರಾ) ಮಳೆ ಬಂತೆಂದರೆ ಶಹಾಪುರ, ಸುರಪುರದ ಬೀಜ-ಗೊಬ್ಬರದ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲೂ ಒಳ್ಳೆಯ ಅಂಗಡಿಯವನು ನಾಲ್ಕು ಪ್ರಶ್ನೆ ಬಿಡುವುದಿಲ್ಲ. ಎಷ್ಟು ಎಕರೆ? ಎರಿ ಹೊಲನೋ, ಮಸಾರಿನೋ (ಕೆಂಪು ಮಣ್ಣಿನದೋ)? ಕಾಲುವೆ ನೀರು ಅದನೋ, ಮಳಿ ಮ್ಯಾಲನೋ? ಹೋದ ವರ್ಷ ಏನು ಹಾಕಿದ್ರಿ?

ಆಗಸ್ಟ್‌ನಲ್ಲಿ ಅದೇ ರೈತ ಹತ್ತಿ ಎಲೆಯ ಫೋಟೋ ಹಿಡಿದು ಓಡಿ ಬರುತ್ತಾನೆ. ‘ಎಣ್ಣಿ ಕೊಡ್ರಿ, ಯಾವುದು ಜೋರು ಅದ ಅದು ಕೊಡ್ರಿ.’ ಎಣ್ಣಿ ಅಂದರೆ ಕೀಟನಾಶಕ. ಕೊಟ್ಟುಬಿಟ್ಟರೆ ಎರಡು ಬಾಟಲಿ ವ್ಯಾಪಾರ. ಆದರೆ ಹುಳ ಅಷ್ಟೇನೂ ಇಲ್ಲದಿದ್ದರೆ, ‘ಗೌಡ್ರ, ಈಗ ಹೊಡಿಯೂದು ಬ್ಯಾಡ್ರಿ. ನಾಲ್ಕು ದಿನ ನೋಡ್ರಿ, ಜಾಸ್ತಿ ಆದ್ರ ಬರ್ರಿ, ಇಲ್ಲಾಂದ್ರ ರೊಕ್ಕ ಉಳೀತದ’ ಅನ್ನಿ. ತನ್ನ ವ್ಯಾಪಾರ ಬಿಟ್ಟು ಮಾತಾಡುವ ಅಂಗಡಿಯವನನ್ನು ರೈತ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳುತ್ತಾನೆ. ಸಿಹಿ ಮಾತು ಯಾರು ಬೇಕಾದರೂ ಆಡಬಹುದು. ನಿಮ್ಮ ಜೇಬಿಗೆ ಸ್ವಲ್ಪ ಪೆಟ್ಟು ಬೀಳುವ ಮಾತಿಗೇ ಜನ ಬೆಲೆ ಕಟ್ಟುತ್ತಾರೆ. ಹಾಗಂತ ಸುಮ್ನೆ ನಾಟಕಕ್ಕೆ ‘ಬ್ಯಾಡ’ ಅಂದು, ಇನ್ನೂ ದುಬಾರಿ ಬಾಟಲಿ ಕೈಗಿಡುವವರೂ ಇದ್ದಾರೆ. ರೈತರಿಗೆ ಅದೂ ತಿಳಿಯುತ್ತೆ.

ಬೀಜ ಕೊಟ್ಟರೆ ಲಾಟ್ ನಂಬರ್ ಬರೆದ ಬಿಲ್ ಕೊಡಿ. ಕೇಳದಿದ್ದರೂ ಕೊಡಿ. ಖಾಲಿ ಚೀಲ, ಬಿಲ್ ಎರಡನ್ನೂ ಸುಗ್ಗಿ ತನಕ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸಿ.

ತಕ್ಕಡಿ

ಕಿರಾಣಿಯವರಿಗೆ ಒಂದೇ ಮಾತು. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಗಿರಾಕಿಗೆ ಕಾಣುವಂತೆ ತಿರುಗಿಸಿಡಿ, ವರ್ಷಕ್ಕೊಮ್ಮೆ ತೂಕ-ಅಳತೆ ಇಲಾಖೆಯಿಂದ ಮುದ್ರೆ ಹಾಕಿಸಿ. ತೂಕದ ಮೇಲೆ ಅನುಮಾನ ಬಂದರೆ ನಿಮ್ಮ ಅಕ್ಕ-ಅಣ್ಣ ಎಲ್ಲ ಮೋಸದ ಮಾತಾಗಿ ಕೇಳಿಸುತ್ತೆ.

ಉದ್ರಿ: ಎಲ್ಲಕ್ಕಿಂತ ಕಷ್ಟದ ಹೆಜ್ಜೆ

‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು ಹಾಕಿದರೂ ನಮ್ಮಲ್ಲಿ ಉದ್ರಿ ಕೊಡದೆ ಕಿರಾಣಿ ನಡೆಯುವುದಿಲ್ಲ. ಕಾರಣ ಹೊಲದಲ್ಲಿದೆ. ತೊಗರಿ ಬಿತ್ತುವುದು ಜೂನ್-ಜುಲೈನಲ್ಲಿ, ಕೊಯ್ದು ಗಂಜ್‌ಗೆ (ಕಾಳಿನ ಮಾರುಕಟ್ಟೆಗೆ) ತರುವುದು ಡಿಸೆಂಬರ್-ಜನವರಿಯಲ್ಲಿ. ನಡುವಿನ ಆರು ತಿಂಗಳು ಕೈಯಲ್ಲಿ ದುಡ್ಡಿಲ್ಲ. ‘ತೊಗರಿ ಬಂದ ಮ್ಯಾಲ ಕೊಡ್ತೀನ್ರಿ’ ಅನ್ನುವುದು ಬಹಳ ಸಲ ನಿಜವಾದ ಮಾತೇ.

ಉದ್ರಿ ಕೊಡುವುದೇ ದೊಡ್ಡ ವಿಶ್ವಾಸ ಅಂತ ತಿಳಿದವರು ಬಹಳ. ಆದರೆ ಸಂಬಂಧ ಕೆಡಿಸುವುದರಲ್ಲೂ ಅದೇ ಮುಂದೆ. ಸಾಲ ಮಿತಿಮೀರಿದ ಗಿರಾಕಿ ನಿಮ್ಮ ಅಂಗಡಿ ತಪ್ಪಿಸಿ ಹಿಂದಿನ ಓಣಿಯಿಂದ ಹೋಗುತ್ತಾನೆ. ದುಡ್ಡೂ ಹೋಯಿತು, ಗಿರಾಕಿಯೂ ಹೋದ.

ಅದಕ್ಕೆ ಒಂದಿಷ್ಟು ಕಟ್ಟುಪಾಡು ಬೇಕು. ಪ್ರತಿ ಮನೆಗೂ ಒಂದು ಮಿತಿ ಇಡಿ, ಅದನ್ನು ಮೊದಲ ದಿನವೇ ನಗುನಗುತ್ತಾ ಹೇಳಿಬಿಡಿ. ಖಾತೆ ಪುಸ್ತಕದಲ್ಲಿ ಬರೆಯುವಾಗ ಗಿರಾಕಿ ಮುಂದೆಯೇ ಬರೆದು, ಓದಿ ಹೇಳಿ. ಅವರ ಕೈಗೂ ಒಂದು ಸಣ್ಣ ಪುಸ್ತಕ ಕೊಡಿ, ಎರಡೂ ತಾಳೆಯಾಗಲಿ. ಬಾಕಿ ಕೇಳುವುದಿದ್ದರೆ ಒಬ್ಬರೇ ಇದ್ದಾಗ ಕೇಳಿ. ನಾಲ್ಕು ಜನರ ಮುಂದೆ, ಮಕ್ಕಳ ಮುಂದೆ, ಜಾತ್ರೆಯಲ್ಲಿ ಸಿಕ್ಕಾಗ ಕೇಳಬೇಡಿ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿಗೆ ಕೈಮುಗಿಯುತ್ತಾ ನಿಂತವನಿಗೆ ಬಾಕಿ ನೆನಪಿಸಿದರೆ ಆ ಅವಮಾನ ಅವನು ಸಾಯೋತನಕ ಮರೆಯುವುದಿಲ್ಲ.

ತಪ್ಪಿಸಿಕೊಂಡು ಓಡಾಡುವವನನ್ನು ವಾಪಸ್ ಕರೆಯಲು ಒಂದು ದಾರಿ ಇದೆ. ‘ಕಾಕಾ, ಹಳೇದು ಹಳೇದಕ್ಕ ಇರಲಿ. ತೊಗರಿ ಬಂದಾಗ ನೋಡೂಣು. ಇವತ್ತಿನದು ರೋಖ್ ತಗೊಂಡು ಹೋಗ್ರಿ.’ ಹಳೆಯ ಬಾಕಿಯನ್ನು ಬೇರೆ ಹಾಳೆಗೆ ಎತ್ತಿಡಿ. ದಿನದ ಸಾಮಾನು ರೋಖಿನಲ್ಲಿ, ಅಂದರೆ ನಗದಿನಲ್ಲಿ ನಡೆದರೆ ಅವನು ಮತ್ತೆ ತಲೆಯೆತ್ತಿಕೊಂಡು ಅಂಗಡಿಗೆ ಬರುತ್ತಾನೆ.

ಫೋನು ಮತ್ತು ಕೆಲಸದ ಹುಡುಗರು

ಅಮೆರಿಕದ ಡೆಟ್ರಾಯಿಟ್ ಕಡೆ ಜೋ ಜಿರಾರ್ಡ್ ಎಂಬ ಷೆವರ್ಲೆ ಕಾರು ಮಾರುವವನಿದ್ದ. 1973ರ ಒಂದೇ ವರ್ಷದಲ್ಲಿ 1,425 ಕಾರು ಮಾರಿ ಗಿನ್ನೆಸ್ ದಾಖಲೆಗೆ ಹೋದ. ತನ್ನ ಗಿರಾಕಿಗಳಿಗೆಲ್ಲ ತಿಂಗಳಿಗೊಂದು ಶುಭಾಶಯ ಕಾರ್ಡು ಕಳಿಸುತ್ತಿದ್ದ. ಇದನ್ನು ಓದಿದ ನಮ್ಮವರು ದಿನಾ ಬೆಳಿಗ್ಗೆ ಐನೂರು ಜನಕ್ಕೆ ‘ಶುಭೋದಯ’ ಹೂವಿನ ಚಿತ್ರ ವಾಟ್ಸಾಪ್ ಮಾಡುತ್ತಾರೆ. ಕಾರ್ಡು ಬರೆದು ಅಂಚೆಗೆ ಹಾಕುವುದಕ್ಕೆ ಶ್ರಮ ಇತ್ತು, ಇದಕ್ಕೇನಿದೆ? ಅದರ ಬದಲು ದಿನಕ್ಕೆ ಮೂವರಿಗೆ ಮಾತ್ರ, ಅವರಿಗೇ ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ. ‘ಅಕ್ಕಾ, ಸೀರಿಗಿ ಫಾಲ್-ಪಿಕೋ ಆಗ್ಯಾದ, ಈ ಕಡಿ ಬಂದಾಗ ಒಯ್ರಿ.’ ನಂಬರ್ ಕೇಳಿ ಪಡೆಯಿರಿ, ಬೇಡ ಅಂದವರಿಗೆ ಕಳಿಸಬೇಡಿ.

ಕೆಲಸದ ಹುಡುಗರನ್ನು ಗಿರಾಕಿ ಮುಂದೆ ಬೈಯುವ ಮಾಲೀಕರ ಅಂಗಡಿಯಲ್ಲಿ ಎಷ್ಟು ತಣ್ಣೀರು ಕೊಟ್ಟರೂ ಪ್ರಯೋಜನವಿಲ್ಲ. ಬಂದವರು ಅದನ್ನೆಲ್ಲ ನೋಡುತ್ತಿರುತ್ತಾರೆ.

ನೀವು ಗಿರಾಕಿ ಆಗಿದ್ದರೆ

ಇಷ್ಟೆಲ್ಲ ಓದಿದ ಮೇಲೆ ಗಲ್ಲಾದ ಆಚೆ ಕಡೆ ನಿಲ್ಲುವವರಿಗೂ ಎರಡು ಮಾತು. ಕೊಳ್ಳುವ ಮುನ್ನ ಒಮ್ಮೆ ಹೀಗೆ ಕೇಳಿಕೊಳ್ಳಿ: ಇದೇ ಮಾಲನ್ನು ಇದೇ ದರಕ್ಕೆ ಗುರುತಿಲ್ಲದವನು ಮಾರಿದ್ದರೆ ತಗೊಳ್ತಿದ್ದೆನಾ? ಇಲ್ಲ ಅನ್ನಿಸಿದರೆ ‘ಮನ್ಯಾಗ ಕೇಳಿ ಬರ್ತೀನ್ರಿ’ ಅಂತ ಎದ್ದು ಬನ್ನಿ. ಚಾ ಕುಡಿದದ್ದಕ್ಕೆ ‘ಚಾ ಛಲೋ ಇತ್ರಿ’ ಅಂದರೆ ಸಾಕು. ಪರಿಚಯದವರು ಅಂತ ಬಿಲ್ ಬಿಡಬೇಡಿ. ಬದಲಿ ಕೊಡ್ತಾರಾ, ಎಷ್ಟು ದಿನದೊಳಗೆ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮಾತಿಗೆ ತಪ್ಪಿದರೆ ಮೊದಲು ಅಂಗಡಿಗೇ ಹೋಗಿ ಕೂತು ಮಾತಾಡಿ, ಆಗಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆಗ ಮೊದಲು ಕೇಳುವುದೇ ಆ ಬಿಲ್ಲನ್ನು.